ಹೋಬಳಿಗೂ ಒಂದು ಚರಿತ್ರೆ

ಚರಿತ್ರೆ ಎಂದೊಡನೆ ನಮ್ಮ ಮನಸ್ಸು ಹಂಪೆಗೆ, ಬೇಲೂರಿಗೆ, ಬಾದಾಮಿಗೆ ಹೋಗುತ್ತದೆ. ಚಿತ್ರದುರ್ಗ ಜಿಲ್ಲೆಯವರಾದರೆ ಏಳು ಸುತ್ತಿನ ಕೋಟೆಯವರೆಗೆ ಹೋಗಿ ಅಲ್ಲಿಗೆ ನಿಲ್ಲುತ್ತದೆ. ಕೋಟೆಯಿಲ್ಲದ, ರಾಜನಿಲ್ಲದ, ಯುದ್ಧ ನಡೆಯದ ಊರಿಗೂ ಒಂದು ಚರಿತ್ರೆಯುಂಟೆ? ಉಂಟೆಂದು ನನ್ನ ನಂಬಿಕೆ. ಅದಕ್ಕೆ ನಿದರ್ಶನವಾಗಿ ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯನ್ನು ತೆಗೆದುಕೊಳ್ಳೋಣ. ಆ ತಾಲ್ಲೂಕಿನ ನಾಲ್ಕು ಹೋಬಳಿಗಳು ಕಸಬಾ, ಮಾಡದಕೆರೆ, ಮತ್ತೋಡು ಮತ್ತು ಶ್ರೀರಾಂಪುರ. ಪಠ್ಯಪುಸ್ತಕಗಳಲ್ಲಿ ಮಾಡದಕೆರೆಯ ಹೆಸರು ಕಾಣಿಸುವುದಿಲ್ಲ. ಆದರೆ ಅದರ ಹೆಸರೇ ಒಂದು ದಾಖಲೆ.

ಮಾಡದ ಕೆರೆ ಎಂಬುದು ಷಷ್ಠೀ ವಿಭಕ್ತಿಯ ಪದ. ಹಳಗನ್ನಡದಲ್ಲಿ ‘ಮಾಡ’ವೆಂದರೆ ಉಪ್ಪರಿಗೆಯ ಮನೆ, ಸೌಧ. ಹಳ್ಳಿಗರ ಮಾತಿನಲ್ಲಿ ಗೋಡೆಯಲ್ಲಿ ದೀಪವಿಡುವ ಗೂಡಿಗೂ ಮಾಡವೆಂದೇ ಹೆಸರು. ಸೌಧವೋ ದೀಪದ ಗೂಡೋ, ಹಿರಿಯರು ಊರನ್ನು ಕರೆದದ್ದು ಮಾತ್ರ ಕೆರೆಯ ಹೆಸರಿನಿಂದ. ಜಿಲ್ಲೆಯ ಆರು ತಾಲ್ಲೂಕುಗಳ ಹೆಸರನ್ನು ನೋಡಿ. ಚಿತ್ರದುರ್ಗ, ಹೊಸದುರ್ಗ ಎಂದು ದುರ್ಗಗಳು ಎರಡು. ಹೊಳಲ್ಕೆರೆ, ಚಳ್ಳಕೆರೆ ಎಂದು ಕೆರೆಗಳೂ ಎರಡು. ‘ಪೊಳಲ್’ ಎಂದರೆ ಪಟ್ಟಣ. ಹೊಳಲ್ಕೆರೆಯೆಂದರೆ ಪಟ್ಟಣದ ಕೆರೆ. ಮಳೆ ಕಡಮೆಯಾದ ಈ ಸೀಮೆಯಲ್ಲಿ ಶತ್ರುವಿನಿಂದ ಉಳಿಯುವುದಕ್ಕೆ ದುರ್ಗವೆಷ್ಟು ಬೇಕಾಗಿದ್ದಿತೋ, ಬರದಿಂದ ಉಳಿಯುವುದಕ್ಕೆ ಕೆರೆಯೂ ಅಷ್ಟೇ ಬೇಕಾಗಿದ್ದಿತು. ದುರ್ಗದ ಕಥೆಯನ್ನು ಹೇಳುವವರು ಹಲವರು. ಕೆರೆಯ ಕಥೆಯನ್ನು ಹೇಳುವವರು ಯಾರು?

ಕೆರೆಯ ಕಥೆ ಸಣ್ಣದಲ್ಲ. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನವಿದೆ. ಡಾ. ಎಂ. ಎಚ್. ಕೃಷ್ಣ ಅವರು 1929ರಲ್ಲಿ ಅದನ್ನು ಓದಿದರು. ಅದರಲ್ಲಿ ಬರುವ ರಾಜ್ಯಗಳ ಹೆಸರುಗಳನ್ನು ಕುರಿತು ವಿದ್ವಾಂಸರಲ್ಲಿ ಚರ್ಚೆ ನಡೆದೇ ಇದೆ. ಆದರೆ ಆ ಶಾಸನಕ್ಕೆ ಕಾರಣವಾದದ್ದು ಒಂದು ತಟಾಕ, ಅಂದರೆ ಕೆರೆ. ಕನ್ನಡ ನಾಡಿನ ಮೊದಲ ರಾಜವಂಶದ ಮೂಲಪುರುಷನು ಈ ಜಿಲ್ಲೆಯಲ್ಲಿ ಬಿಟ್ಟುಹೋದ ಬರಹವು ಕೆರೆಗೆ ಸಂಬಂಧಿಸಿದ್ದು ಎಂಬುದನ್ನು ನಾವು ಮರೆಯಬಾರದು.

ಅನಂತರದ ಶಾಸನಗಳಲ್ಲಿ ಕೆರೆಗೆ ಸಂಬಂಧಿಸಿದ ಮಾತುಗಳು ಬಗೆಬಗೆಯಾಗಿ ದೊರೆಯುತ್ತವೆ. ಕೆರೆ ಕಟ್ಟಿಸಿದವನಿಗೂ ಅದನ್ನು ಕಾಪಾಡುವವನಿಗೂ ಬಿಟ್ಟ ಭೂಮಿ ಅಥವಾ ಫಸಲಿನ ಪಾಲು ಬಿತ್ತುವಟ್ಟ. ಏರಿಯ ದುರಸ್ತಿಗಾಗಿ ಕೊಟ್ಟದ್ದು ಕಟ್ಟುಕೊಡಗೆ. ತೂಬನ್ನು ತೆರೆದು ಮುಚ್ಚಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವವನು ನೀರುಗಂಟಿ. ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಂಬ ನಾಲ್ಕು ಮಾತುಗಳಲ್ಲಿ ಒಂದು ಊರಿನ ವ್ಯವಸಾಯವೆಲ್ಲ ಅಡಗಿದ್ದಿತು. ಕೆರೆ ನಿಲ್ಲಲೆಂದು ಮನೆಯ ಸೊಸೆಯನ್ನೇ ಬಲಿಕೊಟ್ಟ ‘ಕೆರೆಗೆ ಹಾರ’ದ ಹಾಡು ನಮ್ಮ ಹೆಣ್ಣುಮಕ್ಕಳ ಬಾಯಲ್ಲಿ ಉಳಿದುದು ಸುಮ್ಮನೆ ಅಲ್ಲ. ನೀರಿಗಾಗಿ ಜನರು ಪಟ್ಟ ಪಾಡೂ, ಆ ಪಾಡಿನ ಹೊರೆ ಯಾರ ಮೇಲೆ ಬಿದ್ದಿತೆಂಬುದೂ ಅದರಲ್ಲಿ ಇದೆ.

ಇನ್ನು ಹೋಬಳಿಯ ನೆರೆಹೊರೆಯನ್ನು ನೋಡೋಣ. ಅದೇ ತಾಲ್ಲೂಕಿನ ನೀರ್ಗುಂದವು ಇಂದು ಒಂದು ಹಳ್ಳಿ. ಗಂಗರ ಕಾಲದಲ್ಲಿ ಅದೊಂದು ನಾಡಿನ ಹೆಸರು. ಗಂಗ ಶ್ರೀಪುರುಷನ ಕಾಲದ, ಕ್ರಿ. ಶ. 776ರ ದೇವರಹಳ್ಳಿ ತಾಮ್ರಶಾಸನವು ನೀರ್ಗುಂದದ ಅರಸುಮಕ್ಕಳನ್ನು ಹೆಸರಿಸುತ್ತದೆ. ಪರಮಗೂಳನೆಂಬ ಅರಸನ ಮಡದಿ ಕುಂದಾಚ್ಚಿ ಶ್ರೀಪುರದಲ್ಲಿ ಲೋಕತಿಲಕವೆಂಬ ಜಿನಾಲಯವನ್ನು ಕಟ್ಟಿಸಿದಳೆಂದೂ, ಅದಕ್ಕೆ ನೀರ್ಗುಂದ ನಾಡಿನ ಒಂದು ಹಳ್ಳಿಯನ್ನು ದತ್ತಿಯಾಗಿ ಬಿಟ್ಟರೆಂದೂ ಅದು ತಿಳಿಸುತ್ತದೆ. ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿಯಿದೆ. ಆ ಊರಿನ ಹೆಸರೂ ಹಿರಿದು ಕೆರೆ ಎಂದೇ. ಹೊಸದುರ್ಗದ ಬೆಟ್ಟದ ಮೇಲೆ ಕೋಟೆಯನ್ನು ಕಟ್ಟಿಸಿದವನು ಚಿತ್ರದುರ್ಗದ ಚಿಕ್ಕಣ್ಣನಾಯಕ. ಕಾಲ ಹದಿನೇಳನೆಯ ಶತಮಾನದ ಉತ್ತರಾರ್ಧ. ಮತ್ತೋಡಿನಲ್ಲಿ ಕುಲುಮೆಗಳಲ್ಲಿ ಗಾಜನ್ನು ಕಾಯಿಸಿ ಬಳೆ ಮಾಡುತ್ತಿದ್ದರು. 1800–01ರಲ್ಲಿ ಈ ನಾಡಿನಲ್ಲಿ ಸಂಚರಿಸಿದ ಬುಕಾನನ್ ಆ ಕಸುಬನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಪರದೇಶದವನೊಬ್ಬನು ಬರೆಯದೆ ಹೋಗಿದ್ದರೆ ಇಂದು ನಮಗೆ ಆ ಕುಲುಮೆಗಳ ವಿವರ ಎಲ್ಲಿ ದೊರೆಯುತ್ತಿದ್ದಿತು?

ಪರದೇಶದವರ ಮಾತು ಬಂದದ್ದರಿಂದ ಇನ್ನೊಂದು ಊರನ್ನು ಹೆಸರಿಸುತ್ತೇನೆ. ಜರ್ಮನಿಯ ಉತ್ತರದಲ್ಲಿ, ಸಮುದ್ರದ ಅಂಚಿನ ಪೂರ್ವ ಫ್ರೀಸ್‌ಲೆಂಡ್ ಎಂಬ ಸೀಮೆಯಲ್ಲಿ, ರೆಸ್ಟರ್‌ಹಾಫೆ ಎಂಬ ಒಂದು ಪುಟ್ಟ ಹಳ್ಳಿಯಿದೆ. ನಮ್ಮ ನಿಘಂಟುಕಾರ ಫರ್ಡಿನೆಂಡ್ ಕಿಟ್ಟೆಲ್ 1832ರಲ್ಲಿ ಹುಟ್ಟಿದ್ದು ಅಲ್ಲಿ. ಸುಮಾರು 70,000 ಶಬ್ದಗಳ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಏರಿ, ತೂಬು, ಮಾಡ ಮುಂತಾದ ನಮ್ಮ ಹಳ್ಳಿಯ ಮಾತುಗಳಿಗೆ ಅರ್ಥ ಹುಡುಕುವಾಗ ಇಂದಿಗೂ ನಾವು ಆ ಹಳ್ಳಿಯ ಮಗನ ಪುಸ್ತಕವನ್ನು ತೆರೆಯುತ್ತೇವೆ. ಆ ಸೀಮೆಯ ಜನರಿಗೆ ನೀರಿನ ಬರವಿಲ್ಲ, ನೀರಿನ ಭಯವುಂಟು. ಕಡಲು ಉಕ್ಕಿ ಬಂದಾಗ ಮುಳುಗದಿರಲೆಂದು ಅವರ ಹಿರಿಯರು ಮಣ್ಣಿನ ದಿಬ್ಬಗಳನ್ನು ಎತ್ತರಿಸಿ, ಅವುಗಳ ಮೇಲೆ ಮನೆಗಳನ್ನೂ ಇಗರ್ಜಿಗಳನ್ನೂ ಕಟ್ಟಿಕೊಂಡರು. ಅವರು ಮಣ್ಣು ಹೊತ್ತದ್ದು ನೀರನ್ನು ತಡೆಯಲು, ನಮ್ಮವರು ಮಣ್ಣು ಹೊತ್ತದ್ದು ನೀರನ್ನು ನಿಲ್ಲಿಸಲು. ಬೆನ್ನ ಮೇಲಿನ ಬುಟ್ಟಿ ಎರಡೂ ಕಡೆ ಒಂದೇ.

ಒಂದು ವ್ಯತ್ಯಾಸ ಮಾತ್ರ ಇದೆ. ಜರ್ಮನಿಯ ಸಣ್ಣ ಸಣ್ಣ ಹಳ್ಳಿಗಳು ಕೂಡ ತಮ್ಮ ಊರಿನ ವೃತ್ತಾಂತವನ್ನು ಬರೆದಿಟ್ಟುಕೊಳ್ಳುತ್ತವೆ. ಯಾರು ಹುಟ್ಟಿದರು, ಯಾರು ಯಾರನ್ನು ಮದುವೆಯಾದರು, ಯಾರು ತೀರಿಕೊಂಡರು ಎಂಬುದನ್ನು ಇಗರ್ಜಿಯ ಪುಸ್ತಕಗಳು ತಲೆಮಾರುಗಳಿಂದ ಹೇಳುತ್ತವೆ. ನಮ್ಮಲ್ಲಿ ಅಂಥದು ಇರಲಿಲ್ಲವೆ? ಇದ್ದಿತು. ಎತ್ತಿನ ಮೇಲೆ ಕುಳಿತು ಸುಗ್ಗಿಯ ಕಾಲದಲ್ಲಿ ಬರುತ್ತಿದ್ದ ಹೆಳವರು ಮನೆಮನೆಯ ವಂಶಾವಳಿಯನ್ನು ಹೇಳುತ್ತಿದ್ದರು. ನಿಮ್ಮ ಮೂಲಪುರುಷನು ಯಾವ ಊರಿನಿಂದ ಬಂದ, ಅವನಿಗೆ ಮಕ್ಕಳೆಷ್ಟು ಎಂದು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಿದ್ದರು. ಶಾನುಭೋಗರ ಮನೆಯಲ್ಲಿ ಕಡತಗಳಿದ್ದುವು. ಬಟ್ಟೆಗೆ ಹುಣಸೆಬೀಜದ ಗಂಜಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ, ಬಳಪದಿಂದ ಬರೆದ ಲೆಕ್ಕಗಳು ಅವು. ಹೊಲದ ಹೆಸರು, ಹಳ್ಳದ ಹೆಸರು, ಕಂದಾಯ, ದೇವರ ಮಾನ್ಯ, ಎಲ್ಲವೂ ಅವುಗಳಲ್ಲಿ ಇದ್ದುವು. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಗ್ರಾಮಾಧಿಕಾರ ರದ್ದಾಯಿತು. ಹುಟ್ಟಿನಿಂದ ಬರುವ ಅಧಿಕಾರ ಹೋದದ್ದು ನ್ಯಾಯವೇ. ಆದರೆ ಅಧಿಕಾರದೊಂದಿಗೆ ಅನೇಕ ಮನೆಗಳಲ್ಲಿ ಕಡತಗಳೂ ಅಟ್ಟ ಸೇರಿದುವು. ಅಟ್ಟದಿಂದ ಗೆದ್ದಲಿನ ಪಾಲಾದುವು.

ಕಲ್ಲುಗಳ ಗತಿಯೂ ಹೀಗೆಯೇ. ಲೂಯಿ ರೈಸ್ ಅವರು ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ 1903ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ 11ನೆಯ ಸಂಪುಟವಾಗಿ ಪ್ರಕಟಿಸಿದರು. ಆದರೆ ಅಕ್ಷರವಿಲ್ಲದ ಕಲ್ಲನ್ನು ಸಂಪುಟಕ್ಕೆ ಸೇರಿಸುವವರಾರು? ತುರುಗಳನ್ನು ಬಿಡಿಸಿಕೊಂಡು ಬರುವಾಗ ಮಡಿದವನ ವೀರಗಲ್ಲು, ತೋಳೆತ್ತಿ ನಿಂತ ಮಾಸ್ತಿಕಲ್ಲು, ಇವು ಹೊಲದ ಬದುವಿನಲ್ಲಿ, ಬೇಲಿಯ ಮರೆಯಲ್ಲಿ ನಿಂತಿರುತ್ತವೆ. ರಸ್ತೆ ಅಗಲವಾಗುವಾಗ, ಹೊಲ ಸಮವಾಗುವಾಗ ಮೊದಲು ಪಕ್ಕಕ್ಕೆ ಬೀಳುವುವು ಇವೇ. ಬಿದ್ದ ಕಲ್ಲು ಅಗಸೆಯ ಮೆಟ್ಟಿಲಾಗುತ್ತದೆ, ಬಟ್ಟೆ ಒಗೆಯುವ ಚಪ್ಪಡಿಯಾಗುತ್ತದೆ. ನಿಧಿಯ ಆಸೆಗೆ ಅದರ ಬುಡವನ್ನು ಅಗೆಯುವ ಮೂಢರೂ ಇದ್ದಾರೆ. ಆ ಬುಡದಲ್ಲಿ ಹೊನ್ನಿಲ್ಲ. ಇದ್ದ ನಿಧಿಯೆಂದರೆ ಆ ಕಲ್ಲೇ.

ಮಾತಿನ ನಿಧಿಯೂ ಸವೆಯುತ್ತಿದೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಓದುಬರಹ ಬರುತ್ತಿರಲಿಲ್ಲ. ಹಾಡುಗಳು ಮಾತ್ರ ಸಾವಿರಗಟ್ಟಲೆ ಬರುತ್ತಿದ್ದುವು. ಕೃಷ್ಣಮೂರ್ತಿ ಹನೂರರು ಆಕೆಯ ಬಳಿ ಕುಳಿತು ಅವನ್ನು ಬರೆದುಕೊಂಡರು, ಆದುದರಿಂದ ಉಳಿದುವು. ಹೋಬಳಿಯ ಹಟ್ಟಿಹಟ್ಟಿಗಳಲ್ಲಿ ಅಂಥ ಅಜ್ಜಿಯರಿದ್ದಾರೆ. ಅವರ ಬಳಿ ಕುಳಿತುಕೊಳ್ಳುವವರು ಬೇಕು.

ಕೆರೆಗಳಿಗೆ ಬರೋಣ. 1898ರಲ್ಲಿ ಪ್ರಾರಂಭಿಸಿ 1907ರಲ್ಲಿ ಮುಗಿಸಿದ ಮಾರಿಕಣಿವೆಯ ವಾಣಿವಿಲಾಸ ಸಾಗರವು ವೇದಾವತಿಯ ನೀರನ್ನು ಹಿಡಿದು ನಿಲ್ಲಿಸಿತು. ಅದು 1933ರಲ್ಲಿ ಕೋಡಿ ಬಿದ್ದಿತು. ಮತ್ತೆ ಕೋಡಿ ಬೀಳಲು 2022ರವರೆಗೆ, ಅಂದರೆ 89 ವರ್ಷ, ಕಾಯಬೇಕಾಯಿತು. ಈ ಸೀಮೆಯ ಮಳೆಯ ಸ್ವಭಾವವನ್ನು ತಿಳಿಯಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ. ನಡುವೆ ಕೊಳವೆಬಾವಿ ಬಂದಿತು. ತನ್ನ ಹೊಲದಲ್ಲಿ ತನ್ನ ನೀರು ಎಂದಾದ ಮೇಲೆ ಎಲ್ಲರೂ ಸೇರಿ ಹೂಳೆತ್ತುವ ಪದ್ಧತಿ ಸಡಿಲವಾಯಿತು. ನೀರುಗಂಟಿಗೆ ಕೆಲಸ ಕಡಮೆಯಾಯಿತು. ಕೊಳವೆಬಾವಿಗಳೂ ಬತ್ತತೊಡಗಿದಾಗ ಜನಕ್ಕೆ ಕೆರೆಯ ನೆನಪಾಯಿತು. ಏಕೆಂದರೆ ಅಂತರ್ಜಲಕ್ಕೆ ಹೊಟ್ಟೆ ತುಂಬಿಸುತ್ತಿದ್ದದ್ದು ಆ ಕೆರೆಯೇ. ಇಂದು ಭದ್ರಾ ಮೇಲ್ದಂಡೆ ಯೋಜನೆಯ ನೀರಿನಿಂದ ಕೆರೆಗಳನ್ನು ತುಂಬಿಸುವ ಮಾತು ನಡೆಯುತ್ತಿದೆ. ದೂರದ ನೀರು ಬರಲಿ, ಸಂತೋಷ. ಆದರೆ ಬಂದ ನೀರು ನಿಲ್ಲಬೇಕಾದರೆ ಏರಿ ಗಟ್ಟಿಯಾಗಿರಬೇಕು, ನೀರು ಹರಿದು ಬರುವ ಹಳ್ಳ ಒತ್ತುವರಿಯಾಗಿರಬಾರದು. ಹಳ್ಳ ಎಲ್ಲಿ ಹರಿಯುತ್ತಿದ್ದಿತೆಂದು ಹೇಳಬೇಕಾದವರು ಊರಿನ ವೃದ್ಧರು ಮತ್ತು ಆ ಹಳೆಯ ಕಡತ. ಚರಿತ್ರೆ ಬರಿಯ ಅಲಂಕಾರವಲ್ಲ. ಕೆಲವು ಸಲ ಅದೇ ನೀರಿನ ದಾರಿ.

ಇದನ್ನು ಕೇಳುತ್ತಿರುವ ನಿಮ್ಮಲ್ಲಿ ಬಹುಮಂದಿ ಪಟ್ಟಣವಾಸಿಗಳು. ಆದರೆ ಹಬ್ಬಕ್ಕೋ ಜಾತ್ರೆಗೋ ಹೋಗಿಬರುವ ಒಂದು ಹಳ್ಳಿ ನಿಮಗೂ ಉಂಟಷ್ಟೆ. ಮುಂದಿನ ಸಲ ಹೋದಾಗ ಮೂರು ಕೆಲಸ ಮಾಡಿ. ಅಟ್ಟದ ಮೇಲೆ ಕಡತವಾಗಲಿ ಓಲೆಗರಿಯಾಗಲಿ ಇದ್ದರೆ ಕೆಳಗಿಳಿಸಿ, ಧೂಳು ಕೊಡವಿ, ಬಲ್ಲವರಿಗೆ ತೋರಿಸಿ. ಊರ ಸುತ್ತಲಿನ ಕಲ್ಲುಗಳು ಎಲ್ಲೆಲ್ಲಿವೆಯೆಂದು ಬರೆದುಕೊಂಡು, ಇದ್ದಲ್ಲಿಯೇ ಅವುಗಳ ಚಿತ್ರ ತೆಗೆಯಿರಿ. ಕಲ್ಲನ್ನು ಮಾತ್ರ ಕದಲಿಸಬೇಡಿ. ಮನೆಯ ಹಿರಿಯರ ಬಳಿ ಕುಳಿತು ಹೊಲ, ಹಳ್ಳ, ಕಟ್ಟೆ, ಗುಡ್ಡಗಳ ಹೆಸರುಗಳನ್ನು ಕೇಳಿ ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ನಮ್ಮ ಶಾಲೆಗಳ ಮಕ್ಕಳಿಗೂ ಇದೇ ಕೆಲಸವನ್ನು ಕೊಡಬಹುದು. ನೂರು ಪುಟದ ಒಂದು ನೋಟು ಪುಸ್ತಕ ಸಾಕು. ಹತ್ತು ವರ್ಷದಲ್ಲಿ ಪ್ರತಿಯೊಂದು ಊರಿಗೂ ಅದರದೇ ಚರಿತ್ರೆ ಸಿದ್ಧವಾಗುತ್ತದೆ.

ರಾಜರ ಚರಿತ್ರೆಯನ್ನು ಬರೆಯಲು ಆಸ್ಥಾನ ಕವಿಗಳಿದ್ದರು. ಮಾಡದಕೆರೆಯಂಥ ಊರುಗಳ ಚರಿತ್ರೆಯನ್ನು ಬರೆಯಬೇಕಾದವರು ಆ ಊರಿನವರೇ.