ಓದಿನ ರುಚಿ ಹತ್ತಲಿ
(ಕಡೇಚೂರಿನಲ್ಲಿ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣ)



"ಕಥೆ ಪುಸ್ತಕ ಓದಿದರೆ ಮಾರ್ಕ್ಸ್ ಬರುತ್ತದೆಯೆ?" ಎಂದು ತಂದೆ ತಾಯಿ ಕೇಳುತ್ತಾರೆ. ಅವರ ಚಿಂತೆ ಸುಳ್ಳಲ್ಲ. ಆದರೆ ಪಠ್ಯಪುಸ್ತಕವನ್ನಷ್ಟೇ ಓದಿದವರು ಪರೀಕ್ಷೆ ಮುಗಿದ ದಿನವೇ ಓದು ನಿಲ್ಲಿಸುತ್ತಾರೆ. ರುಚಿ ಹತ್ತಿದವರು ನಿಲ್ಲಿಸುವುದಿಲ್ಲ.

ಆ ರುಚಿ ಹತ್ತಿಸುವುದರಲ್ಲಿ ಪೂರ್ಣಚಂದ್ರ ತೇಜಸ್ವಿ ನಿಸ್ಸೀಮರು. 'ಜುಗಾರಿ ಕ್ರಾಸ್' (1994) ಹಿಡಿದರೆ ಮುಗಿಯುವವರೆಗೆ ಕೆಳಗಿಡಲಾಗದು. ಪತ್ತೇದಾರಿ ಕಥೆಯಂತೆ ಸಾಗುವ 'ಚಿದಂಬರ ರಹಸ್ಯ' ದ್ವೇಷ ಒಂದು ಊರನ್ನು ಹೇಗೆ ಹಾಳುಗೆಡವುತ್ತದೆಂದು ತೋರಿಸುತ್ತದೆ. ಅದಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರು ಕೆನೆತ್ ಆಂಡರ್ಸನ್‌ನ ಕಾಡಿನ ಕಥೆಗಳನ್ನೂ, ಪ್ರದೀಪ್ ಕೆಂಜಿಗೆಯವರೊಡನೆ 'ಪ್ಯಾಪಿಲಾನ್' ಅನ್ನೂ ಕನ್ನಡಕ್ಕೆ ತಂದರು. ಬಾಯಲ್ಲಿ ಹೊಗಳುವುದಕ್ಕಿಂತ ಇದು ದೊಡ್ಡ ಶಿಫಾರಸು.

ಅಲ್ಲಿಗೇ ನಿಲ್ಲಬೇಡಿ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಓದಿ. ತಂದೆಯ ಹಠಕ್ಕೆ ಸಿಲುಕಿ ಗಂಡನಿಂದ ದೂರವಾದ ನಾದಿರಾಳ ಕಥೆ ಅದು. ಬೊಳುವಾರು ಮಹಮದ್ ಕುಂಞಿಯವರ 'ಸ್ವಾತಂತ್ರ್ಯದ ಓಟ' ಓದಿ. ಸಾವಿರಕ್ಕೂ ಹೆಚ್ಚು ಪುಟಗಳ ಈ ಕಾದಂಬರಿಗೆ 2016ರ ಅಕಾಡೆಮಿ ಪ್ರಶಸ್ತಿ ಸಂದಿದೆ. ಇವು ನಮ್ಮನ್ನು ಹೊಗಳುವುದಿಲ್ಲ, ಪ್ರಶ್ನಿಸುತ್ತವೆ. ಸಿಟ್ಟು ಬಂದರೂ ಪೂರ್ತಿ ಓದಿ, ಆಮೇಲೆ ವಾದಿಸಿ.

ಹಿರಿಯರಲ್ಲಿ ಒಂದೇ ವಿನಂತಿ: ಪುಸ್ತಕಕ್ಕಾಗಿ ಒಂದು ಕಪಾಟು ಕೊಡಿ, ಅದರ ಬೀಗದ ಕೈ ಹೆಣ್ಣುಮಕ್ಕಳ ಕೈಗೂ ಸಿಗಲಿ. ಪ್ರವಾದಿಯವರಿಗೆ (ಸ.ಅ.) ಬಂದ ಮೊದಲ ಆದೇಶವೇ ಓದಿನದು. ಅದು ಗಂಡುಮಕ್ಕಳಿಗೆ ಮಾತ್ರ ಬಂದದ್ದಲ್ಲ.