ಪಾಂಢರಪೇಶೆ: ಒಂದು ಶಬ್ದದ ಅರ್ಥವೂ ಮೂಲವೂ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ವೇದಿಕೆಯಲ್ಲಿ ನಿಂತು ಮರಾಠಿ ಶಬ್ದವೊಂದನ್ನು ಕುರಿತು ಮಾತನಾಡಹೊರಟಿದ್ದೇನೆ. ಇದರಿಂದ ಕೆಲವರಿಗೆ ಆಶ್ಚರ್ಯವಾಗಬಹುದು. ಆದರೆ ಸೋಲಾಪುರ, ಅಕ್ಕಲಕೋಟೆ, ಜತ್ತ ಈ ಸೀಮೆಯಲ್ಲಿ ನೆಲೆಸಿದ ನಮಗೆ ಎರಡು ಭಾಷೆಗಳ ನಡುವಿನ ಓಣಿಯೇ ಮನೆಯಂಗಳ. ಅಲ್ಲಿ ಬಿದ್ದ ಶಬ್ದವನ್ನು ಎತ್ತಿ ನೋಡದೆ ದಾಟಿಹೋಗುವುದು ಜಾಣತನವಲ್ಲ. ನಾನು ಹೇಳುವ ಶಬ್ದ 'ಪಾಂಢರಪೇಶಾ'. ಮರಾಠಿ ವೃತ್ತಪತ್ರಿಕೆಗಳಲ್ಲಿ 'ಪಾಂಢರಪೇಶಾ ವರ್ಗ' ಎಂದು ನೀವು ಓದಿಯೇ ಇರುತ್ತೀರಿ. ಕುಳಿತು ಕೆಲಸ ಮಾಡುವವರು, ಲೇಖಣಿಯಿಂದ ಬದುಕುವವರು, ಗುಮಾಸ್ತರು, ಉಪಾಧ್ಯಾಯರು, ವಕೀಲರು, ಬ್ಯಾಂಕಿನವರು ಇವರೆಲ್ಲ ಆ ಹೆಸರಿನ ಕೆಳಗೆ ಬರುತ್ತಾರೆ. ನಾವು ಕನ್ನಡದಲ್ಲಿ ಮಧ್ಯಮ ವರ್ಗವೆನ್ನುವುದಕ್ಕೆ ಇದು ಬಹಳ ಸಮೀಪದ ಮಾತು.

ಈ ಶಬ್ದವನ್ನು ಆರಿಸಿಕೊಳ್ಳಲು ನನಗೊಂದು ಕಾರಣವುಂಟು. ಜೂನ್ ತಿಂಗಳಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸುವ ಹೊತ್ತಿಗೆ ನಮ್ಮ ಮನೆಮನೆಗಳಲ್ಲಿ ಒಂದೇ ಚರ್ಚೆ. ಕನ್ನಡ ಶಾಲೆಗೆ ಹಾಕಿದರೆ ಹುಡುಗ ಹೊಲದಲ್ಲಿಯೇ ಉಳಿಯುತ್ತಾನೆ, ಬೇರೆ ಮಾಧ್ಯಮಕ್ಕೆ ಹಾಕಿದರೆ ಬಿಳಿ ಅಂಗಿ ತೊಟ್ಟು ನೌಕರಿಗೆ ಹೋಗುತ್ತಾನೆ ಎಂಬ ಭಾವನೆ. ಹೀಗೆ ಹೇಳುವ ತಂದೆತಾಯಿಗಳನ್ನು ಹೀಗಳೆಯಲು ನಾನು ಸಿದ್ಧನಲ್ಲ. ಮಗುವಿನ ಅನ್ನದ ಚಿಂತೆ ಅವರಿಗಿದೆ. ಆದರೆ ಆ ಮಾತಿನಲ್ಲಿ ಕಪ್ಪು ಮಣ್ಣು ಕನ್ನಡದ ಪಾಲಿಗೂ ಬಿಳಿ ಅಂಗಿ ಇನ್ನೊಂದರ ಪಾಲಿಗೂ ಬಂದುದು ಹೇಗೆ? ಇದನ್ನು ತಿಳಿಯಬೇಕಾದರೆ ಆ ಬಿಳುಪಿನ ಮೂಲವನ್ನೇ ಕೆದಕಬೇಕು.

ಶಬ್ದವನ್ನು ಒಡೆದು ನೋಡೋಣ. 'ಪಾಂಢರ' ಎಂದರೆ ಬಿಳಿ. ಸಂಸ್ಕೃತದ 'ಪಾಂಡುರ' ಅದರ ಮೂಲ. (ಪಂಢರಪುರದ ಹೆಸರನ್ನು ಅವಸರದಿಂದ ಇದಕ್ಕೆ ಗಂಟು ಹಾಕಬಾರದು. ಆ ಹೆಸರು 'ಪಂಡರಗೆ' ಎಂಬ ಹಳೆಯ ಕನ್ನಡ ಹೆಸರಿನಿಂದ ಬಂದುದೆಂದು ವಾದಿಸಿದ ವಿದ್ವಾಂಸರಿದ್ದಾರೆ.) ಉಳಿದದ್ದು 'ಪೇಶಾ'. ಇಲ್ಲಿ ಎರಡು ದಾರಿಗಳು ಕಾಣುತ್ತವೆ. ಪಾರಸಿಯಲ್ಲಿ 'ಪೇಶಾ' ಎಂದರೆ ಕಸುಬು. ಹಾಗಾದರೆ ಪಾಂಢರಪೇಶಾ ಎಂದರೆ ಬಿಳಿಯ ಕಸುಬಿನವನು. ಪಾರಸಿಯಲ್ಲಿಯೇ 'ಪೋಶ್' ಎಂದರೆ ತೊಟ್ಟವನು, ಹೊದ್ದವನು. ನಾವು ದಿನವೂ ಬಳಸುವ 'ಪೋಷಾಕು' ಅದೇ ಧಾತುವಿನಿಂದ ಬಂದದ್ದು. ಉತ್ತರ ಹಿಂದುಸ್ತಾನದಲ್ಲಿ 'ಸಫೇದಪೋಶ್' ಎಂಬ ಮಾತು ಇಂದಿಗೂ ಇದೆ: ಬಿಳಿಬಟ್ಟೆಯವನು, ಮರ್ಯಾದಸ್ಥನು. ಬ್ರಿಟಿಷರ ಕಾಲದ ಪಂಜಾಬಿನಲ್ಲಿ ಅದು ಗ್ರಾಮಾಧಿಕಾರದ ಒಂದು ಪದವಿಯೂ ಆಗಿತ್ತು. ಸಫೇದದ ಸ್ಥಾನದಲ್ಲಿ ಪಾಂಢರವನ್ನಿಟ್ಟು, ಪೋಶ್ ಎಂಬುದು ಜನರ ಬಾಯಲ್ಲಿ ಪೇಶಾ ಆಯಿತೆಂದು ಊಹಿಸಲು ಅಡ್ಡಿಯಿಲ್ಲ.

ಆದರೆ ಬಿಳಿಬಟ್ಟೆಯಷ್ಟರಿಂದಲೇ ಈ ಶಬ್ದ ಹುಟ್ಟಿತೆಂದರೆ ನಮ್ಮ ಸೀಮೆಯ ರೈತನು ನಕ್ಕಾನು. ಅವನು ಉಡುವುದೂ ಬಿಳಿ ಧೋತರವೇ, ತೊಡುವುದೂ ಬಿಳಿ ಅಂಗಿಯೇ, ತಲೆಯ ಮೇಲಿನ ಟೋಪಿಯೂ ಬಿಳಿಯೇ. ಬೆಳಿಗ್ಗೆ ಹೊಲಕ್ಕೆ ಹೋಗುವಾಗ ಅವನೂ ಸಫೇದಪೋಶನೇ. ಸಂಜೆ ಹಿಂದಿರುಗುವಾಗ ಅಲ್ಲ, ಅಷ್ಟೇ ಭೇದ.

ಆದುದರಿಂದ ಇನ್ನೊಂದು ಬಿಳುಪಿನ ಕಡೆಗೆ ತಿರುಗೋಣ. ಹಳೆಯ ಮರಾಠಿ ಗ್ರಾಮವ್ಯವಹಾರದಲ್ಲಿ 'ಕಾಳಿ', 'ಪಾಂಢರಿ' ಎಂಬ ಜೋಡಿ ಶಬ್ದಗಳಿವೆ. ಕಾಳಿಯೆಂದರೆ ಉಳುವ ಭೂಮಿ, ನಮ್ಮ ಎರೆಹೊಲ. ಪಾಂಢರಿಯೆಂದರೆ ಮನೆಗಳಿರುವ ನೆಲ, ಊರು. ಊರಿನ ನೆಲಕ್ಕೆ ಬಿಳಿಯೆಂಬ ಹೆಸರು ಕವಿಕಲ್ಪನೆಯಿಂದ ಬಂದುದಲ್ಲ. ನೂರಾರು ವರ್ಷ ಒಂದೇ ಕಡೆ ಜನ ಬಾಳಿದರೆ ಮಣ್ಣಿನ ಗೋಡೆಗಳು ಕುಸಿದು, ಅವುಗಳ ಮೇಲೆ ಹೊಸ ಗೋಡೆಗಳೆದ್ದು, ಒಲೆಯ ಬೂದಿ, ದನದ ಗೊಬ್ಬರ, ಕಸಕಡ್ಡಿ ಸೇರಿ ಆ ನೆಲವು ಎತ್ತರವಾಗುತ್ತದೆ, ಬೂದುಬಣ್ಣಕ್ಕೆ ತಿರುಗುತ್ತದೆ. ಸುತ್ತಲಿನ ಕಪ್ಪು ಹೊಲಗಳ ನಡುವೆ ಅದು ದೂರದಿಂದ ಬಿಳಿಯ ದಿಬ್ಬದಂತೆ ತೋರುತ್ತದೆ. ಊರು ಹಾಳಾದ ಮೇಲೆಯೂ ದಿಬ್ಬ ಉಳಿಯುತ್ತದೆ. ದಖ್ಖಣದಲ್ಲಿ ಪ್ರಾಚೀನ ವಸತಿಗಳನ್ನು ಹುಡುಕಹೊರಟ ಪುರಾತತ್ತ್ವಜ್ಞರಿಗೆ ಇಂತಹ ಪಾಂಢರಿಯ ದಿಬ್ಬಗಳೇ ದಾರಿ ತೋರಿದವು. ರೈತರಿಗೆ ಮಾತ್ರ ಅದು ಅವರಿಗಿಂತ ಮೊದಲೇ ಗೊತ್ತಿತ್ತು. ಹಾಳೂರಿನ ಮಣ್ಣನ್ನು ಬಂಡಿಯಲ್ಲಿ ತುಂಬಿ ತಂದು ಹೊಲಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು. ಮಾಳಿಗೆಯ ಮನೆಗಳ ಮೇಲ್ಮುದ್ದೆಗೂ ಬಿಳಿಮಣ್ಣನ್ನೇ ಬಳಸುತ್ತಿದ್ದರು. ಕರಿಯದರಿಂದ ಬಿಳಿಯದು ಉಂಡಿತು, ಬಿಳಿಯದರಿಂದ ಕರಿಯದು ಫಲವತ್ತಾಯಿತು.

ಈ ಭೇದವು ಕೇವಲ ಮಣ್ಣಿನದಾಗಿ ಉಳಿಯದೆ ಲೆಕ್ಕದ ಪುಸ್ತಕಕ್ಕೂ ಏರಿತು. ನಾಗಪುರದ ಭೋಸಲೆಯವರ ರಾಜ್ಯದಲ್ಲಿ ಬೇಸಾಯಗಾರರಲ್ಲದವರ ಮೇಲೆ, ಎಂದರೆ ವ್ಯಾಪಾರಿಗಳು, ಕುಶಲಕರ್ಮಿಗಳು, ಪೇಟೆಯ ಜನ ಇವರ ಮೇಲೆ ಒಂದು ತೆರಿಗೆಯಿತ್ತು. ಅದರ ಹೆಸರೇ 'ಪಾಂಢರಿ'. ಬ್ರಿಟಿಷರು ಬಂದ ಮೇಲೆಯೂ ಅದು ಬಹುಕಾಲ ನಡೆಯಿತು. ಅಲ್ಲಿ ನೇಕಾರನೂ ಪಾಂಢರಿಯವನೇ, ಸಾಹುಕಾರನೂ ಪಾಂಢರಿಯವನೇ. ಬಟ್ಟೆಯ ಬಣ್ಣವನ್ನು ಯಾರೂ ಕೇಳಲಿಲ್ಲ; ಹೊಲದ ಹುಟ್ಟುವಳಿಯಿಂದ ಬದುಕುವವನೋ ಊರೊಳಗಿನ ಕಸುಬಿನಿಂದ ಬದುಕುವವನೋ ಎಂಬುದಷ್ಟೇ ಪ್ರಶ್ನೆ.

ಕೊಂಕಣದ ಕಡೆಗೆ ಹೋದರೆ ಚಿತ್ರ ಬದಲಾಗುತ್ತದೆ. ಅಲ್ಲಿಯ ಹಳೆಯ ಕಂದಾಯದ ವ್ಯವಸ್ಥೆಯಲ್ಲಿ ಪಾಂಢರಪೇಶಾ ಎಂಬುದು ಮೇಲ್ಜಾತಿಯ ಭೂಹಿಡುವಳಿದಾರರ ಹೆಸರು. ಅವರಿಗೆ ಸಾಮಾನ್ಯ ಕುಣಬಿ ರೈತನಿಗಿಂತ ಕಡಿಮೆ ದರದ ಕಂದಾಯ. ಅದಕ್ಕೆ ಕೊಟ್ಟ ಕಾರಣವನ್ನು ಕೇಳಿರಿ: ಇವರು ಸ್ವತಃ ನೇಗಿಲು ಹಿಡಿಯುವವರಲ್ಲ, ಆಳುಗಳಿಗೆ ಕೂಲಿ ಕೊಡಬೇಕು, ಆದಕಾರಣ ಖರ್ಚು ಹೆಚ್ಚು! ದುಡಿಯುವವನಿಗೆ ಹೆಚ್ಚಿನ ಹೊರೆ, ದುಡಿಸುವವನಿಗೆ ರಿಯಾಯತಿ. ಇಲ್ಲಿಗೆ ಬಿಳುಪು ನೆಲವನ್ನು ಬಿಟ್ಟು ಮೈಮೇಲೆ ಏರಿತು. ವಸತಿಯ ಹೆಸರು ಅಂತಸ್ತಿನ ಹೆಸರಾಯಿತು. ಪಾರಸಿಯ ಪೋಶ್ ಮತ್ತು ಹಳ್ಳಿಯ ಪಾಂಢರಿ ಎರಡೂ ಕೂಡಿಯೇ ಈ ಶಬ್ದವನ್ನು ಬೆಳೆಸಿವೆಯೆಂದು ನನ್ನ ಅಭಿಪ್ರಾಯ. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವುದು ಸರಿಯಾಗದು.

ಇದು ನಮ್ಮ ನಾಡಿನ ವಿಚಿತ್ರವೆಂದು ತಿಳಿಯಬೇಡಿರಿ. ಯುರೋಪಿನಲ್ಲಿ ಮಧ್ಯಮ ವರ್ಗಕ್ಕೆ 'ಬೂರ್ಜ್ವಾ' ಎಂಬ ಫ್ರೆಂಚ್ ಶಬ್ದವಿದೆಯಷ್ಟೆ. ಅದರ ಮೂಲ 'ಬೂರ್ಗ್', ಎಂದರೆ ಕೋಟೆ, ಕೋಟೆಯ ಆಶ್ರಯದಲ್ಲಿ ಬೆಳೆದ ಪೇಟೆ. ಜರ್ಮನಿಯ ಹ್ಯಾಂಬರ್ಗಿನ ಬಾಲದಲ್ಲಿರುವುದೂ ಅದೇ. ಪೇಟೆಯ ಗೋಡೆಯೊಳಗಿನ ನಿವಾಸಿ ಬೂರ್ಜ್ವಾ. ಅರಮನೆಯ ಸರದಾರನೂ ಅಲ್ಲ, ಹೊಲದ ಜೀತಗಾರನೂ ಅಲ್ಲ. ನಮ್ಮ ಪಾಂಢರಿಯವನಿಗೂ ಅವನಿಗೂ ಎಷ್ಟು ಹೋಲಿಕೆ! ಎರಡೂ ಮೊದಲು ಹೇಳಿದ್ದು ಮನುಷ್ಯನು ಎಲ್ಲಿ ವಾಸಿಸುತ್ತಾನೆಂಬುದನ್ನು. ಮುಂದೆ ಫ್ರೆಂಚ್ ಶಬ್ದದ ಗತಿಯೂ ಬದಲಾಯಿತು. ಮಾರ್ಕ್ಸ್ ಮತ್ತು ಎಂಗೆಲ್ಸ್ 1848ರ ತಮ್ಮ ಪ್ರಣಾಳಿಕೆಯಲ್ಲಿ ಆ ಶಬ್ದವನ್ನು ಬಂಡವಾಳದ ಒಡೆಯರಿಗೆ ಬಳಸಿದರು. ನಡುವೆ ಇದ್ದವನು ಮೇಲಕ್ಕೇರಿ ಕುಳಿತ.

ಫ್ರಾನ್ಸಿನ ಮೋಲಿಯೇರ್ 1670ರಲ್ಲಿ ಇಂಥವನೊಬ್ಬನ ಮೇಲೆ ಪ್ರಹಸನವನ್ನೇ ಬರೆದನು. ಅದರ ನಾಯಕ ಜೂರ್ದಾನ್ ಅರಿವೆ ವ್ಯಾಪಾರಿಯ ಮಗ. ಅವನಿಗೆ ಸರದಾರನಾಗುವ ಹುಚ್ಚು. ನೃತ್ಯ, ಕತ್ತಿವರಸೆ, ತತ್ತ್ವಶಾಸ್ತ್ರ ಎಲ್ಲಕ್ಕೂ ಗುರುಗಳನ್ನಿಟ್ಟು ಹಣ ಚೆಲ್ಲುತ್ತಾನೆ. ಒಬ್ಬ ಚತುರ ಸೇವಕನು ಬಂದು ಅವನ ಕಿವಿಗೆ ಇಂಪಾಗುವಂತೆ, ನಿಮ್ಮ ತಂದೆ ವ್ಯಾಪಾರಿಯೇ ಅಲ್ಲ, ಅರಿವೆಯನ್ನು ಬಲ್ಲವರಾಗಿದ್ದರು, ಒಳ್ಳೆಯದನ್ನು ಆರಿಸಿ ತಂದು ಸ್ನೇಹಿತರಿಗೆ ಕೊಡುತ್ತಿದ್ದರು, ಅವರು ಹಣ ಕೊಡುತ್ತಿದ್ದರು, ಅಷ್ಟೇ ಎಂದು ಹೇಳುತ್ತಾನೆ. ಜೂರ್ದಾನನಿಗೆ ಪರಮಾನಂದ! ನಗೆ ಬರುತ್ತದೆ, ನಿಜ. ಆದರೆ ತಾಲೂಕಿನ ಊರಿಗೆ ಹೋಗಿ ನೆಲೆಸಿದ ನಮ್ಮ ಕೆಲವು ತರುಣರು, ಹಳ್ಳಿಯಿಂದ ತಂದೆ ಬಂದಾಗ ನೆರೆಯವರ ಮುಂದೆ ಅವರೊಡನೆ ಕನ್ನಡದಲ್ಲಿ ಮಾತನಾಡಲು ಹಿಂಜರಿಯುವುದನ್ನು ಕಂಡಾಗ ಆ ನಗೆ ಅಲ್ಲಿಯೇ ನಿಲ್ಲುತ್ತದೆ.

ಇಂಗ್ಲಿಷಿನ 'ಮಿಡಲ್ ಕ್ಲಾಸ್' ಎಂಬ ಮಾತು 18ನೆಯ ಶತಮಾನದ ನಡುವಿನಿಂದ ಬಳಕೆಯಲ್ಲಿ ಕಾಣುತ್ತದೆ. ಬಂಗಾಲಿಯವರು 'ಮಧ್ಯವಿತ್ತ' ಎಂದರು, ಎಂದರೆ ನಡುತರದ ಹಣವುಳ್ಳವನು. 'ಭದ್ರಲೋಕ' ಎಂಬ ಮಾತನ್ನೂ ಬಳಕೆಗೆ ತಂದರು. 1823ರಲ್ಲಿ ಭವಾನೀಚರಣ ಬಂದ್ಯೋಪಾಧ್ಯಾಯರು ಬರೆದ 'ಕಲಿಕಾತಾ ಕಮಲಾಲಯ'ದಲ್ಲಿ ಕಲಕತ್ತೆಯ ಭದ್ರಲೋಕದ ವರ್ಣನೆಯಿದೆ. ನಮ್ಮ 'ಮಧ್ಯಮ ವರ್ಗ' ಇಂಗ್ಲಿಷಿನ ನೇರ ಅನುವಾದ. 'ವರ್ಗ' ಎಂಬುದು ನಮ್ಮಲ್ಲಿ ಮೊದಲೇ ಬಹಳ ದುಡಿದ ಶಬ್ದ: ವ್ಯಂಜನಗಳಲ್ಲಿ ಕವರ್ಗ ಚವರ್ಗಗಳು, ಗಣಿತದಲ್ಲಿ ವರ್ಗಮೂಲ, ನೌಕರಿಯಲ್ಲಿ ಎತ್ತಂಗಡಿಗೂ ವರ್ಗವೇ. ಇನ್ನು ವ್ಯಾಕರಣದಲ್ಲಿ ಮಧ್ಯಮಪುರುಷನೆಂದರೆ 'ನೀನು'. ಮಧ್ಯಮ ವರ್ಗವೆಂದರೆ ಮಾತ್ರ ಎಲ್ಲರೂ 'ನಾವು' ಎನ್ನುತ್ತಾರೆ, ಎರಡು ಬಂಗಲೆಗಳಿದ್ದವರೂ ಸಹ.

ಆದರೆ ಮಧ್ಯಮವೆಂಬುದಕ್ಕೆ ಹಿಂದಿನವರು ಕೊಟ್ಟ ಸ್ಥಾನ ಯಾವುದು? ಮರಾಠಿಯಲ್ಲಿಯೂ ಉತ್ತರದ ಭಾಷೆಗಳಲ್ಲಿಯೂ ಹಳೆಯ ಗಾದೆಯೊಂದಿದೆ: ಬೇಸಾಯ ಉತ್ತಮ, ವ್ಯಾಪಾರ ಮಧ್ಯಮ, ಚಾಕರಿ ಕನಿಷ್ಠ. ನೌಕರಿಯು ಅಲ್ಲಿ ನಡುವಿನ ಸ್ಥಾನವನ್ನೂ ಪಡೆಯಲಿಲ್ಲ. ಇಂದು ಆ ಗಾದೆಯು ತಲೆಕೆಳಗಾಗಿದೆ. ಹೆಣ್ಣು ನೋಡಲು ಬಂದವರು ಮೊದಲು ಕೇಳುವುದು ವರನ ಪಗಾರವನ್ನು. ಆ ಪಗಾರವೆಂಬುದು ಪೋರ್ತುಗೀಜರ ಶಬ್ದ. ಅವರಲ್ಲಿ 'ಪಗಾರ್' ಎಂದರೆ ಹಣ ಸಲ್ಲಿಸುವುದು. ಕನ್ನಡದ 'ಸಂಬಳ' ಹಳೆಯದು. ಅದು ಬಂದದ್ದು ಸಂಸ್ಕೃತದ 'ಶಂಬಲ'ದಿಂದ, ಎಂದರೆ ದಾರಿಬುತ್ತಿಯಿಂದ. ಪ್ರಯಾಣಕ್ಕೆ ಹೊರಟವನ ಕೈಗೆ ಕೊಡುವ ಬುತ್ತಿ ತಿಂಗಳ ವೇತನವಾಯಿತು. ತಿಂಗಳ ಕೊನೆಯ ವಾರದಲ್ಲಿ ಬುತ್ತಿ ತೀರಿರುತ್ತದೆ ಎಂಬುದನ್ನು ಇಲ್ಲಿರುವ ನೌಕರದಾರ ಬಂಧುಗಳಿಗೆ ನಾನು ಹೇಳಬೇಕಾಗಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ಬಿಳುಪು ಒಂದು ಭಾಷೆಯ ಸೊತ್ತಾದುದು ಹೇಗೆ? ಬಿಳಿಬಟ್ಟೆಯ ಬದುಕು ಲೇಖಣಿಯನ್ನು ಆಶ್ರಯಿಸಿದ್ದು. ಲೇಖಣಿ ದಫ್ತರದ ಭಾಷೆಯನ್ನು ಆಶ್ರಯಿಸಿದ್ದು. ಮರಾಠರ ಆಳಿಕೆಯಲ್ಲಿ ಈ ಭಾಗದ ದಫ್ತರಗಳು ಮೋಡಿ ಲಿಪಿಯ ಮರಾಠಿಯಲ್ಲಿದ್ದವು. ಅಕ್ಕಲಕೋಟೆ, ಜತ್ತ ಸಂಸ್ಥಾನಗಳಲ್ಲಿಯೂ, ಅವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ, ಬಹುಮಟ್ಟಿಗೆ ಅದೇ ಕ್ರಮ. ನಮ್ಮಲ್ಲಷ್ಟೇ ಏಕೆ? ಧಾರವಾಡ, ಬೆಳಗಾವಿಗಳಂತಹ ಅಚ್ಚಗನ್ನಡ ಸೀಮೆಯಲ್ಲಿಯೂ 19ನೆಯ ಶತಮಾನದ ನಡುಗಾಲದವರೆಗೆ ಶಾಲೆಯೆಂದರೆ ಹೆಚ್ಚಾಗಿ ಮರಾಠಿ ಶಾಲೆ. ಮನೆಯಲ್ಲಿ ಕನ್ನಡ, ಪಾಟಿಯ ಮೇಲೆ ಮರಾಠಿ. ವಿದ್ಯಾಖಾತೆಯ ಅಧಿಕಾರಿಯಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರು, ಅಧಿಕಾರಿ ರಸೆಲ್ಲರ ಬೆಂಬಲದೊಡನೆ, ಹಟ ಹಿಡಿದು ಕನ್ನಡ ಶಾಲೆಗಳನ್ನು ತೆರೆಯಿಸಿದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟುವ ಹೊತ್ತಿಗೆ ಅಲ್ಲಿ ಕನ್ನಡದಲ್ಲಿಯೇ ಓದಿ ಬರೆದ ವಕೀಲರು, ಉಪಾಧ್ಯಾಯರು, ಗುಮಾಸ್ತರು ಇದ್ದರು. ಬಿಳಿ ಅಂಗಿಯು ಕನ್ನಡದ ಮೈಗೂ ಸರಿಹೊಂದಿತು. ಅಂಗಿಯಲ್ಲಿ ಭಾಷೆಯಿರಲಿಲ್ಲ, ಭಾಷೆಯಿದ್ದದ್ದು ದಫ್ತರದಲ್ಲಿ ಮತ್ತು ಶಾಲೆಯಲ್ಲಿ.

ನಮ್ಮ ಸೀಮೆಯ ದಫ್ತರ ಇಂದಿಗೂ ಮರಾಠಿಯದೇ. ನಮ್ಮ ಮಕ್ಕಳು ಅದನ್ನು ಚೆನ್ನಾಗಿ ಕಲಿಯಲೇಬೇಕು, ಕಲಿಯುತ್ತಲೂ ಇದ್ದಾರೆ. ನನ್ನ ಆಕ್ಷೇಪವಿರುವುದು ಬೇರೆ ಕಡೆ. ಬಿಳಿಯದನ್ನು ಪಡೆಯಬೇಕಾದರೆ ಕರಿಯದನ್ನು ಬಿಡಲೇಬೇಕೆಂದು ಪಾಂಢರಿಯ ಮೂಲಾರ್ಥವು ಎಲ್ಲಿಯೂ ಹೇಳುವುದಿಲ್ಲ. ಕಾಳಿ, ಪಾಂಢರಿ ಒಂದೇ ಊರಿನ ಎರಡು ಭಾಗಗಳು. ಬೆಳಿಗ್ಗೆ ಒಂದರಲ್ಲಿ ದುಡಿದವನು ರಾತ್ರಿ ಇನ್ನೊಂದರಲ್ಲಿ ಮಲಗುತ್ತಿದ್ದ. ಕನ್ನಡದಲ್ಲಿ ಲೆಕ್ಕವನ್ನೂ ಭೂಗೋಲವನ್ನೂ ಗಟ್ಟಿಯಾಗಿ ಕಲಿತು, ಅದರ ಮೇಲೆ ಮರಾಠಿಯನ್ನೂ ಇಂಗ್ಲಿಷನ್ನೂ ಸಾಧಿಸಿದ ಹುಡುಗನು ಹೊಲದಲ್ಲಿ ಉಳಿದರೆ ಅದು ಅವನ ಇಷ್ಟದಿಂದ ಉಳಿದದ್ದಾಗಬೇಕು, ಶಾಲೆಯ ಕೊರತೆಯಿಂದ ಅಲ್ಲ. ಶಿಕ್ಷಕರು ಸಾಲದ, ಪುಸ್ತಕಗಳು ತಡವಾಗಿ ಬರುವ ಶಾಲೆಯ ಮುಂದೆ ನಿಂತು ತಂದೆತಾಯಿಗಳಿಗೆ ಭಾಷಾಭಿಮಾನದ ಉಪದೇಶ ಮಾಡುವುದರಲ್ಲಿ ಅರ್ಥವಿಲ್ಲವೆಂಬುದನ್ನೂ ಸಂಘದ ಕಾರ್ಯಕರ್ತರು ಮನಸ್ಸಿನಲ್ಲಿಡಬೇಕು.

ವಿದ್ಯಾರ್ಥಿಗಳಿಗೆ ಒಂದು ಕೆಲಸವನ್ನು ಒಪ್ಪಿಸಿ ಮುಗಿಸುತ್ತೇನೆ. ಕುಲಕರ್ಣಿ ವತನವು 1950ರ ಕಾಯಿದೆಯಿಂದ ರದ್ದಾಯಿತು. ಆದರೆ ಹಳೆಯ ಕಾಗದಪತ್ರಗಳ ಗಂಟುಗಳು ಕೆಲವು ಮನೆಗಳ ನಾಗೊಂದಿಗೆಯ ಮೇಲೆ ಇದ್ದರೂ ಇರಬಹುದು. ಬಲ್ಲವರಿಂದ ಓದಿಸಿ, ಅವುಗಳಲ್ಲಿ ಕಾಳಿ, ಪಾಂಢರಿ ಎಂಬ ಶಬ್ದಗಳು ಬಂದಲ್ಲಿ ಗುರುತು ಹಾಕಿಕೊಳ್ಳಿರಿ. ಹಾಗೆಯೇ ನಿಮ್ಮ ಅಜ್ಜ, ಅಜ್ಜಿ, ಆಯಿಯರನ್ನು ಕೇಳಿರಿ: ಊರನೆಲಕ್ಕೆ, ಹಾಳೂರಿನ ಮಣ್ಣಿಗೆ, ಕುಳಿತು ಬರೆದು ಬದುಕುವವನಿಗೆ ಅವರ ಕನ್ನಡದಲ್ಲಿ ಏನೆನ್ನುತ್ತಿದ್ದರು? ಅವರು ಹೇಳಿದುದನ್ನು ಹೇಳಿದಂತೆಯೇ, ತಿದ್ದದೆ, ಊರಿನ ಹೆಸರಿನೊಡನೆ ಬರೆದು ಸಂಘದ ಕಾರ್ಯದರ್ಶಿಗಳಿಗೆ ತಲುಪಿಸಿರಿ. ಮುಂದಿನ ವಾರ್ಷಿಕೋತ್ಸವದ ಸಂಚಿಕೆಯಲ್ಲಿ ಆ ಶಬ್ದಗಳಿಗೆ ನಾಲ್ಕು ಪುಟಗಳನ್ನು ಬಿಡಿಸಿಕೊಡುವ ಭಾರ ನನ್ನದು.