ನೀರು ಯಾರ ಸೊತ್ತು? ಪ್ಲಾಚಿಮಡ ಕಲಿಸಿದ ಪಾಠ



ಸರಕಾರದ ಆದೇಶ ಹೊರಬಿದ್ದ ಮೇಲೆ ಇನ್ನು ಮಾಡುವುದೇನಿದೆ ಎಂದು ಕೈಚೆಲ್ಲಿ ಕೂರುವ ಸ್ವಭಾವ ನಮ್ಮಲ್ಲಿ ಬೇರೂರಿದೆ. ನಳ್ಳಿಯಲ್ಲಿ ನೀರು ಬಾರದಿದ್ದರೆ ಟ್ಯಾಂಕರ್ ತರಿಸುತ್ತೇವೆ. ಬಾವಿ ಬತ್ತಿದರೆ ಕೊಳವೆಬಾವಿ ಕೊರೆಸುತ್ತೇವೆ. ಅದಕ್ಕೆ ಹಣವಿಲ್ಲದ ನೆರೆಯವನ ಗತಿಯೇನೆಂದು ವಿಚಾರಿಸುವುದಿಲ್ಲ. ಈ ವಿಷಯದಲ್ಲಿ ಕೇರಳದ ಒಂದು ಗ್ರಾಮ ಪಂಚಾಯತ್ ತೋರಿದ ದಾರಿಯನ್ನು ಇಂದು ನಾವು ಅವಲೋಕಿಸಬೇಕಾಗಿದೆ.

ಪಾಲಕ್ಕಾಡ್ ಜಿಲ್ಲೆಯ ಪೆರುಮಾಟ್ಟಿ ಪಂಚಾಯತ್‌ಗೆ ಸೇರಿದ ಊರು ಪ್ಲಾಚಿಮಡ. 2000ದಲ್ಲಿ ಅಲ್ಲಿ ಕೊಕಾಕೋಲಾ ಘಟಕ ಆರಂಭವಾಯಿತು. ಪರವಾನಿಗೆ ಕೊಟ್ಟದ್ದು ಅದೇ ಪಂಚಾಯತ್. ಕೆಲವೇ ಕಾಲದಲ್ಲಿ ಬಾವಿಗಳು ಬತ್ತುತ್ತಿವೆ, ಉಳಿದ ನೀರು ಕುಡಿಯಲು ಯೋಗ್ಯವಾಗಿಲ್ಲ ಎಂದು ಜನರು ದೂರತೊಡಗಿದರು. 2002ರ ಏಪ್ರಿಲ್‌ನಲ್ಲಿ ಕಾರ್ಖಾನೆಯ ಮುಂದೆ ಧರಣಿ ಆರಂಭವಾಯಿತು. ಅದರ ಮುಂಚೂಣಿಯಲ್ಲಿದ್ದವರು ಮೈಲಮ್ಮ ಎಂಬ ಆದಿವಾಸಿ ಮಹಿಳೆ. 2003ರಲ್ಲಿ ಪಂಚಾಯತ್ ಪರವಾನಿಗೆಯನ್ನು ನವೀಕರಿಸದಿರಲು ನಿರ್ಧರಿಸಿತು. ರಾಜ್ಯ ಸರಕಾರ ಮಧ್ಯಪ್ರವೇಶಿಸಿ, ತಜ್ಞರ ತಂಡದಿಂದ ಪರಿಶೀಲನೆ ನಡೆಸಿ ಮತ್ತೆ ತೀರ್ಮಾನಿಸುವಂತೆ ಆದೇಶಿಸಿತು. ಪಂಚಾಯತ್ ಆ ಆದೇಶಕ್ಕೆ ತಲೆಬಾಗದೆ ಹೈಕೋರ್ಟಿನ ಮೆಟ್ಟಿಲೇರಿತು.

2003ರ ಡಿಸೆಂಬರ್ 16ರಂದು ಏಕಸದಸ್ಯ ಪೀಠದ ತೀರ್ಪು ಬಂತು. ಅಂತರ್ಜಲವು ಸಾರ್ವಜನಿಕರ ಸೊತ್ತು, ಸರಕಾರ ಅದರ ಟ್ರಸ್ಟಿ ಮಾತ್ರ, ಮಿತಿಮೀರಿದ ಶೋಷಣೆಯಿಂದ ಅದನ್ನು ರಕ್ಷಿಸದಿರುವುದು ಸಂವಿಧಾನದ 21ನೇ ವಿಧಿ ನೀಡಿದ ಜೀವಿಸುವ ಹಕ್ಕಿನ ಉಲ್ಲಂಘನೆ ಎಂಬುದು ಅದರ ಸಾರ. ಕೇವಲ ಈ ಕಾರಣಕ್ಕೆ ಘಟಕವನ್ನೇ ಮುಚ್ಚಿಸುವ ಅಧಿಕಾರ ಪಂಚಾಯತ್‌ಗಿಲ್ಲ ಎಂದೂ ನ್ಯಾಯಾಲಯ ಹೇಳಿತು. ಆದರೆ 2005ರ ಏಪ್ರಿಲ್‌ನಲ್ಲಿ ವಿಭಾಗೀಯ ಪೀಠವು ಭೂಮಾಲಕನ ಹಕ್ಕನ್ನು ಎತ್ತಿಹಿಡಿದು, ದಿನಕ್ಕೆ 5 ಲಕ್ಷ ಲೀಟರ್‌ವರೆಗೆ ನೀರೆತ್ತಲು ಷರತ್ತಿನೊಂದಿಗೆ ಅನುಮತಿ ನೀಡಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 2004ರ ಮಾರ್ಚ್‌ನಲ್ಲಿ ಸ್ಥಗಿತಗೊಂಡಿದ್ದ ಘಟಕವನ್ನು ಮತ್ತೆ ತೆರೆಯುವ ಉದ್ದೇಶವಿಲ್ಲವೆಂದು ಕಂಪೆನಿಯೇ ಹೇಳಿದ ಬಳಿಕ, 2017ರಲ್ಲಿ ಪ್ರಕರಣ ಮುಕ್ತಾಯವಾಯಿತು.

ಸಹೋದರರೇ, ನ್ಯಾಯಾಲಯ ‘ಟ್ರಸ್ಟಿ’ ಎಂದದ್ದನ್ನು ನಾವು ‘ಅಮಾನತು’ ಎನ್ನುತ್ತೇವೆ. ನೀರು ಎಲ್ಲರೂ ಪಾಲುದಾರರಾಗಿರುವ ವಸ್ತುವೆಂದು ಪ್ರವಾದಿ(ಸ)ರವರು ಕಲಿಸಿದರು. ಮದೀನಾದಲ್ಲಿ ರೂಮಾ ಬಾವಿಯ ನೀರು ಮಾರಾಟದ ಸರಕಾಗಿದ್ದಾಗ ಹ. ಉಸ್ಮಾನ್(ರ) ಅದನ್ನು ಖರೀದಿಸಿ ಜನರಿಗಾಗಿ ಮೀಸಲಿಟ್ಟರು. ಈ ಪ್ರಸಂಗವನ್ನು ಪ್ರವಚನಗಳಲ್ಲಿ ಕೇಳಿ ನಾವು ಸಂತೋಷಪಡುತ್ತೇವೆ. ಆದರೆ ನಮ್ಮ ಊರಿನ ಕೆರೆ ಅತಿಕ್ರಮಣವಾದಾಗ ಎಷ್ಟು ಜಮಾಅತ್‌ಗಳು ತುಟಿ ಬಿಚ್ಚಿವೆ? ದಫನ ಭೂಮಿಗಾಗಿ, ವಕ್ಫ್ ಆಸ್ತಿಗಾಗಿ ನ್ಯಾಯಾಲಯಕ್ಕೆ ಹೋಗುವುದು ಅಗತ್ಯವೇ. ಆದರೆ ಎಲ್ಲ ಧರ್ಮೀಯರೂ ಕುಡಿಯುವ ನೀರಿಗಾಗಿ ಹೋಗುವುದೂ ನಮ್ಮದೇ ಕೆಲಸವಲ್ಲವೇ?

ಸರಕಾರದ ಆದೇಶ ಕೊನೆಯ ಮಾತಲ್ಲ. ಸಂವಿಧಾನದ 226ನೇ ವಿಧಿಯಡಿ ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು. ಆದರೆ ಬರಿಯ ಆವೇಶ ಅಲ್ಲಿ ನಡೆಯದು. ಸಭೆಯ ನಿರ್ಣಯ, ನೀರಿನ ಪರೀಕ್ಷಾ ವರದಿ, ಕೊಟ್ಟ ಮನವಿಗಳ ಪ್ರತಿ ಎಲ್ಲವೂ ದಿನಾಂಕ ಸಹಿತ ಕೈಯಲ್ಲಿರಬೇಕು. ಸಹನೆಯೂ ಬೇಕು. ಪ್ಲಾಚಿಮಡದಲ್ಲಿ ಆದ ನಷ್ಟ 216.26 ಕೋಟಿ ರೂಪಾಯಿಯೆಂದು 2010ರಲ್ಲಿ ಉನ್ನತಾಧಿಕಾರ ಸಮಿತಿ ಅಂದಾಜಿಸಿತು. ಪರಿಹಾರಕ್ಕಾಗಿ ವಿಶೇಷ ನ್ಯಾಯಮಂಡಳಿ ರಚಿಸುವ ಮಸೂದೆಯನ್ನು 2011ರಲ್ಲಿ ಕೇರಳ ವಿಧಾನಸಭೆ ಅಂಗೀಕರಿಸಿತು. ಆ ಮಸೂದೆಗೆ ರಾಷ್ಟ್ರಪತಿಯ ಅಂಕಿತ ದೊರೆಯಲಿಲ್ಲ. ಮೈಲಮ್ಮ 2007ರಲ್ಲೇ ತೀರಿಕೊಂಡಿದ್ದರು. ಘಟಕ ಮುಚ್ಚಿತು, ಆದರೆ ನ್ಯಾಯ ಪೂರ್ಣವಾಗಲಿಲ್ಲ.

ಕೊನೆಯದಾಗಿ, ಇತರರನ್ನು ಪ್ರಶ್ನಿಸುವ ಮೊದಲು ನಮ್ಮನ್ನು ನಾವೇ ಪ್ರಶ್ನಿಸಿಕೊಳ್ಳೋಣ. ವುಝೂ ಮಾಡುವಾಗಲೂ ನೀರನ್ನು ದುಂದುಮಾಡಬಾರದೆಂದು ಕಲಿತವರು ನಾವು. ನಮ್ಮ ಮಸೀದಿಗಳ ನಳ್ಳಿಗಳು, ಮದುವೆ ಮನೆಗಳ ತೊಟ್ಟಿಗಳು ಆ ಪಾಠಕ್ಕೆ ಸಾಕ್ಷಿ ಹೇಳುತ್ತವೆಯೇ? ನಮ್ಮ ಕೊಳವೆಬಾವಿ ನೆರೆಮನೆಯ ಬಾವಿಯನ್ನು ಬತ್ತಿಸುತ್ತಿದ್ದರೆ, ನಾವೂ ಒಂದು ಸಣ್ಣ ಕಂಪೆನಿಯೇ. ಅಮಾನತಿನ ಲೆಕ್ಕವನ್ನು ಸರಕಾರದಿಂದ ಕೇಳುವ ಧೈರ್ಯವನ್ನೂ ನಾವೇ ಒಪ್ಪಿಸುವ ಪ್ರಾಮಾಣಿಕತೆಯನ್ನೂ ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.